ಎಂಟು ತುಂಡಾದ ಕಾದಂಬರಿ

ಗ್ರಂಥಾಲಯ ಸೇವೆಯಲ್ಲಿ ಮೂವತ್ತೊಂದು ವರ್ಷ ಕಳೆದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗ್ರಂಥಪಾಲಕರನ್ನು ಕುರಿತು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳಬಲ್ಲವರು ಆ ವೃತ್ತಿಯಲ್ಲಿ ಹಲವರಿದ್ದಾರು. ಅದು ಯಾರ ಕೈಗೆ ಹೋಗಬೇಕು ಎಂಬುದನ್ನು ಬಲ್ಲವರು ಇವರು. ಅವರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಹರಿದ ಪುಸ್ತಕಗಳನ್ನು ಹೊಲಿದವಳು ನಾನು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಬರಹದ ಹೊಲಿಗೆ ಅಲ್ಲಲ್ಲಿ ಸಡಿಲವಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವರು ಈ ಶಾಖೆಗೆ ಬಂದ ಮೊದಲ ವಾರವೇ ನಾನು ಮಂಕು ದೀಪದಡಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದುದನ್ನು ಕಂಡು, ಕಿಟಕಿಯ ಪಕ್ಕದಲ್ಲಿದ್ದ ತಮ್ಮ ಮೇಜನ್ನೇ ನನಗೆ ಬಿಟ್ಟುಕೊಟ್ಟರು. ತಾವು ಮೆಟ್ಟಿಲ ಕೆಳಗಿನ ಮೂಲೆಗೆ ಹೋದರು. ಏಳುವಾಗಲೆಲ್ಲ ತಲೆ ತಗುಲಿಸಿಕೊಳ್ಳುತ್ತಿದ್ದರೇ ಹೊರತು ಮೇಜನ್ನು ಮರಳಿ ಕೇಳಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಅವರಿಗೆ ಕಾದಂಬರಿ ಓದುವ ಬಳಗವೊಂದನ್ನು ಕಟ್ಟುವ ಹಂಬಲ ಹುಟ್ಟಿತು. ಎಲ್ಲರೂ ಹೊಗಳುವ, ಯಾರೂ ಕೊನೆ ಮುಟ್ಟದ ಒಂದು ಹಳೆಯ ದೊಡ್ಡ ಕಾದಂಬರಿಯಿಂದಲೇ ಆರಂಭಿಸಬೇಕೆಂದರು. ಇದ್ದುದು ಒಂದೇ ಪ್ರತಿ, ಆರುನೂರ ನಲವತ್ತು ಪುಟ; ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದನ್ನು ಎಂಟು ಭಾಗ ಮಾಡಿ ಹೊಲಿದರೆ ಎಂಟು ಜನ ಒಂದೊಂದು ಭಾಗ ಓದಿಕೊಂಡು ಬಂದು, ಶನಿವಾರ ಸಾಲಾಗಿ ಕೂತು ಒಬ್ಬರಿಗೊಬ್ಬರು ಕಥೆ ಹೇಳಬಹುದೆಂಬುದು ಅವರ ಯೋಜನೆ. ಎಲ್ಲೆಲ್ಲಿ ಬೇರ್ಪಡಿಸಬೇಕೆಂದು ಅಧ್ಯಾಯದ ಕೊನೆಗಳಲ್ಲಿ ಕಾಗದದ ಚೀಟಿ ಇಟ್ಟು, ನಾನು ಊಟಕ್ಕೆ ಹೋಗಿದ್ದಾಗ ನನ್ನ ಮೇಜಿನ ಮೇಲಿರಿಸಿ ಹೋದರು.

ಪುಸ್ತಕ ಬಿಚ್ಚುವ ಮುನ್ನ ಅದರೊಳಗೆ ಓದುಗರು ಮರೆತ ಬಸ್ಸಿನ ಟಿಕೆಟ್ಟು, ಕಾಗದದ ಚೂರು ಎಲ್ಲವನ್ನೂ ಕೊಡವಿ ಡಬ್ಬಿಗೆ ಹಾಕುವುದು ನಮ್ಮ ಕಸುಬಿನ ರೂಢಿ. ಆ ಚೀಟಿಗಳೂ ಡಬ್ಬಿ ಸೇರಿದವು. ಹದಿನಾರು ಪುಟಕ್ಕೊಂದು ಮಡಿಕೆಯಂತೆ ನಲವತ್ತು ಮಡಿಕೆಗಳಿದ್ದವು; ಐದೈದನ್ನು ಸಮನಾಗಿ ತೆಗೆದು, ಗಟ್ಟಿಯಾಗಿ ಹೊಲಿದು, ರಟ್ಟು ಹಾಕಿ ಕೊಟ್ಟೆ. ಪುಟದ ಸಂಖ್ಯೆ ಸರಿಯಿದ್ದರೆ ಪುಸ್ತಕ ಸರಿ ಎಂದು ತಿಳಿದವಳು ನಾನು. ಹೊಲಿದ ಪುಸ್ತಕ ಒಂದನ್ನೂ ಓದಿರಲಿಲ್ಲ.

ಬಳಗಕ್ಕೆ ಏಳೇ ಜನ ಸಿಕ್ಕಿದರು. ಎಂಟನೆಯ ಭಾಗವನ್ನು ಅವರು ನನ್ನ ಮುಂದೆ ಹಿಡಿದರು. ಬೆರಳಿಟ್ಟುಕೊಂಡು ಓದುವವಳು ನಾನೆಂದು ಹಿಂಜರಿದಾಗ, "ಬೆರಳಿಟ್ಟು ಓದೋರು ಸಾಲು ಹಾರಿಸಲ್ಲ ಅಕ್ಕ, ತಗೊಳ್ಳಿ" ಎಂದರು.

ಮನೆಗೆ ಬಂದು ತೆರೆದರೆ ಮೊದಲ ಪುಟದ ಮೊದಲ ಸಾಲಿಗೆ ತಲೆಯೇ ಇಲ್ಲ. ಅರ್ಧ ವಾಕ್ಯ. ಡಬ್ಬಿಗೆ ಕೊಡವಿದ ಚೀಟಿಗಳು ಯಾತಕ್ಕಿದ್ದವೆಂದು ಆಗ ಹೊಳೆಯಿತು. ಗ್ರಂಥಾಲಯದ ಪುಸ್ತಕ ಕೆಡಿಸಿದವರನ್ನು ಕೆಲಸದಿಂದ ತೆಗೆಯುವುದು ಮೇಲಿನ ಕಚೇರಿಯ ನಿಯಮ. ಮಗಳ ನರ್ಸಿಂಗ್ ಓದು ನನ್ನ ಆ ಕೆಲಸದ ಮೇಲೆಯೇ ನಿಂತಿತ್ತು.

ಶನಿವಾರ ಬಾಗಿಲಲ್ಲೇ ನಿಂತೆ. ಒಳಗೆ ಜಗಳವೇ ನಡೆದಿತ್ತು. ಮೊದಲ ಭಾಗ ಸಿಕ್ಕಿದ್ದ ಬಸ್ ಚಾಲಕರಿಗೆ ನಾಯಕಿ ಮದುವೆಗೆ ಒಪ್ಪಿದಳೋ ಇಲ್ಲವೋ ತಿಳಿಯುವ ಮೊದಲೇ ಪುಟ ಮುಗಿದಿತ್ತು. ಉತ್ತರ ಎರಡನೆಯ ಭಾಗದ ದರ್ಜಿಯ ಬಳಿ ಇತ್ತು.

"ಪ್ಯಾಂಟಿನ ಒಂದೇ ಕಾಲು ಹೊಲಿದು ಕೊಟ್ಟರೆ ಗಿರಾಕಿ ಸುಮ್ನಿರ್ತಾನಾ ಸಾರ್?" ಎಂದು ದರ್ಜಿ ಗ್ರಂಥಪಾಲಕರನ್ನು ಕೇಳುತ್ತಿದ್ದ.

"ಎಲ್ಲಿ ಸುಮ್ನಿರ್ತಾನೆ? ಇನ್ನೊಂದು ಕಾಲು ಹುಡುಕ್ಕೊಂಡು ನಿನ್ನ ಅಂಗಡಿಗೇ ಬರ್ತಾನೆ. ನಾನು ಈ ವಾರ ಮೂರು ಸಲ ಬರ್ಲಿಲ್ವಾ? ಕತ್ತರಿ ಕೆಳಗಿಡದೇ ಸತಾಯಿಸಿದೆಯಲ್ಲೋ ಮಾರಾಯ" ಎಂದರು ಚಾಲಕರು.

ಉಳಿದವರದೂ ಇದೇ ಪಾಡು. ಮುಗಿಯದ ವಾಕ್ಯದ ಬೆನ್ನು ಹತ್ತಿ ಒಬ್ಬರ ಮನೆ ಬಾಗಿಲು ಇನ್ನೊಬ್ಬರು ತಟ್ಟಿದ್ದರು. ನಾನು ಗ್ರಂಥಪಾಲಕರ ಹತ್ತಿರ ಹೋಗಿ, ತಪ್ಪು ನನ್ನದು, ಬಿಚ್ಚಿ ಬೇರೆ ಹೊಲಿದುಕೊಡುತ್ತೇನೆ ಎಂದೆ.

"ಬಿಚ್ಚಬೇಡಿ ಅಕ್ಕ. ಸರಿಯಾಗಿ ಹೊಲಿದಿದ್ರೆ ಇವರೆಲ್ಲ ಈಗ ಗೋಡೆ ನೋಡ್ಕೊಂಡು ಕೂತಿರ್ತಿದ್ರು. ಕೂತ್ಕೊಳ್ಳಿ, ನಿಮ್ಮ ಸರದಿ ಕೊನೇದು."

ಆ ದಿನ ಕಾದಂಬರಿಯ ಕೊನೆ ಹೇಳಿದವಳು ನಾನು. ಮುಗಿದಾಗ ದರ್ಜಿ ಮೂಗು ಒರೆಸಿಕೊಂಡ. ಬಳಗ ಇಂದಿಗೂ ನಡೆದಿದೆ, ಐವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಓದಿದ್ದೇವೆ.

ಎರಡು ತಿಂಗಳ ಬಳಿಕ ತಪಾಸಣೆಗೆ ಬಂದ ಅಧಿಕಾರಿ ಆ ಎಂಟು ತುಂಡುಗಳನ್ನು ಮೇಜಿನ ಮೇಲೆ ಹರಡಿಸಿ ನೋಡಿದರು. ನನಗೆ ಕರೆ ಬರುತ್ತದೆಂದು ವಾರಗಟ್ಟಲೆ ಕಾದೆ. ಬರಲಿಲ್ಲ. ಕೇಳಿದಾಗ ಗ್ರಂಥಪಾಲಕರು, ಅದೆಲ್ಲ ಮುಗಿದ ಮಾತು ಎಂದು ತೇಲಿಸಿಬಿಟ್ಟರು. ಅವರಿಗಿಂತ ಕಿರಿಯರೆಲ್ಲ ದೊಡ್ಡ ಶಾಖೆಗಳಿಗೆ ಹೋದರೂ ಇವರು ಮೆಟ್ಟಿಲ ಕೆಳಗಿನ ಮೂಲೆಯಲ್ಲೇ ಉಳಿದರು. ಅವರಿಗೆ ಈ ಜಾಗವೇ ಇಷ್ಟವೆಂದು ನಾವು ಅಂದುಕೊಂಡೆವು.

ಈ ಸಂಪುಟಕ್ಕಾಗಿ ಕಾಗದಪತ್ರ ಹುಡುಕುತ್ತಿದ್ದಾಗ ಗುಮಾಸ್ತೆ ಒಂದು ಹಳೆಯ ಕಡತ ತೋರಿಸಿದಳು. ಅದರಲ್ಲಿ ಅವರ ಕೈಬರಹ: "ಅಧ್ಯಾಯ ಲೆಕ್ಕಿಸದೆ ಭಾಗ ಮಾಡಲು ಸೂಚಿಸಿದವನು ನಾನೇ. ಹೊಲಿದವರ ತಪ್ಪಿಲ್ಲ." ಅದರ ಕೆಳಗೆ, ಅವರ ಬಡ್ತಿಯನ್ನು ತಡೆಹಿಡಿಯಲಾಗಿದೆ ಎಂಬ ಆದೇಶ. ನಾನು ಮುದುಕಿ ಕಡತ ಹಿಡಿದುಕೊಂಡೇ ಅವರೆದುರು ಹೋಗಿ ನಿಂತೆ.

"ಮಗಳ ಓದು ಇನ್ನೂ ಒಂದು ವರ್ಷ ಬಾಕಿ ಇತ್ತಲ್ಲ ಅಕ್ಕ" ಎಂದವರೇ ಯಾರಿಗೋ ಪುಸ್ತಕ ತೆಗೆದುಕೊಡಲು ಎದ್ದುಹೋದರು.

ಕಡತವನ್ನು ತಿದ್ದುವ ಅಧಿಕಾರ ನನಗಿಲ್ಲ. ಈ ಸಂಪುಟ ಅಚ್ಚಾಗಿ ನಾಲ್ಕು ಜನರ ಕೈ ಸೇರುವುದರಿಂದ ಇಲ್ಲಿ ಬರೆದಿಡುತ್ತೇನೆ: ಆ ಚೀಟಿಗಳನ್ನು ಕೊಡವಿದವಳು ನಾನು, ಪುಸ್ತಕವನ್ನು ತಪ್ಪಾಗಿ ಬಿಡಿಸಿದವಳು ನಾನು, ಅವರಲ್ಲ. ಅವರ ಆಯುಸ್ಸು ದೊಡ್ಡದಾಗಲಿ, ಕಣ್ಣು ಚುರುಕಾಗಿರಲಿ, ಬಳಗದ ಕೆಲಸ ಅವರ ಕೈಯಲ್ಲೇ ಬೆಳೆಯಲಿ. ಇನ್ನು ಮುಂದಾದರೂ ಇನ್ನೊಬ್ಬರ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳದೆ, ನಮ್ಮ ನಡುವೆ ಸುಮ್ಮನೆ ಕೂತು ಓದಲಿ.