ಕೆಂಡಲ್ ಪಾರ್ಕಿನಲ್ಲಿ ಮೂಲಾ ನಕ್ಷತ್ರ

ನನ್ನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂದು ನಮ್ಮ ಕಡೆ ಮಾತು. ಅದಕ್ಕೇ ನಮ್ಮಪ್ಪ ಮಾವ ಇಲ್ಲದ ಮನೆಯನ್ನೇ ಹುಡುಕಿ ನನ್ನನ್ನು ಕೊಟ್ಟ. ಸತ್ತವನನ್ನು ನಾನು ಮತ್ತೆ ಸಾಯಿಸುವಂತಿರಲಿಲ್ಲ. ಆದರೂ ನಾನು ಕಾಲಿಟ್ಟ ವರ್ಷವೇ ಒಂದು ಎತ್ತು ಸತ್ತಿತು, ಅದು ನನ್ನ ತಲೆಗೆ ಬಂತು.

ಮೊಮ್ಮಗಳದೂ ಮೂಲಾ. ಹುಟ್ಟಿದ್ದು ಇಲ್ಲೇ, ಮಗಳ ಮನೆ ಇರುವ ಕೆಂಡಲ್ ಪಾರ್ಕಿನ ಹತ್ತಿರ, ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ. ಇಷ್ಟು ದೂರ ಬಂದು ಹುಟ್ಟಿದರೆ ಇದೆಲ್ಲ ಅಂಟುವುದಿಲ್ಲ ಅಂದುಕೊಂಡಿದ್ದೆ. ಅಂಟಿತು.

ಹೋದ ಬೇಸಿಗೆಯಲ್ಲಿ ಅವಳು ಫೋರ್ಟ್ ಲೀ ಊರಿನ ಒಬ್ಬ ಹುಡುಗನನ್ನು ಒಪ್ಪಿಕೊಂಡಿದ್ದಳು. ಮೈಸೂರು ಕಡೆಯ ಜನ. ಹುಡುಗನ ತಂದೆಗೆ ಆಗಷ್ಟೇ ಹೃದಯದ ಬೈಪಾಸ್ ಆಗಿತ್ತು. ಭಾನುವಾರ ಮಾತಾಡಲು ಬರುತ್ತೇವೆ ಎಂದು ಫೋನ್ ಮಾಡಿದ ತಾಯಿ, ಇಡುವ ಮೊದಲು ಹೇಳಿದರು: "ಹುಡುಗಿ ನಕ್ಷತ್ರ ಏನೂಂತ ಸ್ವಲ್ಪ ನೋಡಿಟ್ಟಿರಿ."

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಮಗಳು ಫ್ರಿಜ್ ತೆಗೆಯುವುದು, ಮುಚ್ಚುವುದು. ಕಡೆಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದಳು:

"ಅವ್ವಾ, ಈಕಿ ಹುಟ್ಟಿದ್ದು ಜೂನ್‌ನಾಗ. ಬ್ಯಾಸಗ್ಯಾಗ ಇಲ್ಲಿ ಗಡಿಯಾರ ಒಂದು ತಾಸು ಮುಂದ ಇಟ್ಟಿರ್ತಾರ. ಆ ತಾಸು ಕಳದ್ರ ಮೂಲಾ ಬರತೈತಿ, ಕಳೀಲಿಕ್ಕೆ ಮರತ್ರ ಪೂರ್ವಾಷಾಢ. ಮರತ್ವಿ ಅಂತ ತಿಳಕೊಳ್ಳೂಣು."

"ಮರತ್ರ ಮರವು," ಅಂದೆ. "ಮರತಂಗ ಮಾಡಿದ್ರ ಸುಳ್ಳು."

"ನಿನಗ ಮಾವ ಇರಲಿಲ್ಲ. ಈಕಿಗೆ ಅದಾರ. ನಾಳೆ ಅವರಿಗೆ ನೆಗಡಿ ಬಂದ್ರೂ ಈಕಿ ಹೆಸರು ಬರತೈತಿ."

ಎತ್ತಿನ ಕಥೆ ಅವಳಿಗೆ ಹೇಳಿದವಳು ನಾನೇ.

ಮೊಮ್ಮಗಳು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಇಳಿದು ಬಂದು ನನ್ನನ್ನೇ ಕೇಳಿದಳು. "ಅಜ್ಜಿ, ಈ ಮೂಲಾ ನಿಜವಾಗ್ಲೂ ಆಕಾಶದಾಗ ಐತೇನು? ಐ ವಾಂಟ್ ಟು ಸೀ ಇಟ್."

"ನೋಡಿ ಏನ ಮಾಡ್ತಿ?" ಅಂದಳು ಅವಳ ತಾಯಿ.

"ಹೈಡ್ ಮಾಡು ಅಂತಿ ಅಲ್ಲ ಮಮ್ಮಿ. ಏನು ಹೈಡ್ ಮಾಡಬೇಕು, ನೋಡ್ತೀನಿ."

ನಮ್ಮೂರಲ್ಲಿ ಮೂಲಾ ಹುಡುಕುವ ವಸ್ತುವಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಂಡು ದಕ್ಷಿಣಕ್ಕೆ ತಲೆ ಎತ್ತಿದರೆ ಚೇಳು ಇಡಿಯಾಗಿ ಕಾಣುತ್ತಿತ್ತು. ಎದೆಯಲ್ಲಿ ಕೆಂಪು ಚುಕ್ಕಿ, ಸುತ್ತಿದ ಬಾಲ, ಬಾಲದ ತುದಿಯಲ್ಲಿ ಜೋಡಿ ಚುಕ್ಕಿ. ಆ ಬಾಲವೇ ಮೂಲಾ. ಕೊಂಡಿಯ ಪಕ್ಕದಲ್ಲಿ ಬೂದಿ ಉದುರಿದಂತೆ ಒಂದು ಮಬ್ಬು. ಅದಕ್ಕೆ ನಮ್ಮ ಮನೆಯಲ್ಲಿ ವಿಷದ ಹನಿ ಅನ್ನುತ್ತಿದ್ದರು.

ಊಟವಾದ ಮೇಲೆ ಹಿತ್ತಲಿಗೆ ಹೋದೆವು. ಕೆಂಪು ಚುಕ್ಕಿ ಸಿಕ್ಕಿತು, ಪಕ್ಕದ ಮನೆಯ ಸೂರಿಗೆ ಹತ್ತಿಕೊಂಡಂತೆ. ಬಾಲ ಇರಬೇಕಾದಲ್ಲಿ ಮೇಪಲ್ ಮರ. ಮರದ ಹಿಂದೆ ಅಂಗಡಿ ಸಾಲಿನ ಬೆಳಕು. ನಾನು ಬಗ್ಗಿದೆ, ಬೇಲಿಯ ಉದ್ದಕ್ಕೂ ಹೋದೆ, ಬಂದೆ.

"ಇಲ್ಲಿ ಇಷ್ಟೇ ಏರತೈತಿ ಅಜ್ಜಿ," ಅಂದಳು ಫೋನ್ ನೋಡಿ. "ವಿ ಆರ್ ಟೂ ಫಾರ್ ನಾರ್ತ್. ಸೌತ್‌ನಾಗ ಸ್ವಲ್ಪ ತಲಿ ಎತ್ತಿ ಮುಳುಗತೈತಿ."

"ನೀ ಹುಟ್ಟಿದ ಊರಾಗ ನಿನ್ನ ನಕ್ಷತ್ರಕ್ಕ ಎದ್ದು ನಿಲ್ಲೂ ತಾಕತ್ತಿಲ್ಲ. ಇದಕ್ಕ ನಿಮ್ಮವ್ವ ನಿದ್ದಿ ಬಿಟ್ಟಾಳ."

ಮರುದಿನ ಕಾರು ತೆಗೆದುಕೊಂಡು ಊರಾಚೆಯ ಸೋಯಾಬೀನ್ ಹೊಲದ ಹತ್ತಿರ ಹೋದೆವು. ದಕ್ಷಿಣಕ್ಕೆ ಬಯಲು ಇತ್ತು, ಆದರೆ ಎಲ್ಲೋ ಕಾಡು ಹೊತ್ತಿದ ಹೊಗೆ ಆಕಾಶದ ಅಂಚನ್ನೆಲ್ಲ ನುಂಗಿತ್ತು. ಕೆಂಪು ಚುಕ್ಕಿಯೂ ಕಾಣಲಿಲ್ಲ. ಮನೆಗೆ ಬಂದರೆ ಮಗಳು ದೀಪ ಹಾಕಿಕೊಂಡು ಕೂತಿದ್ದಳು. "ಸಿಕ್ತೇನು?" ಅಂದಳು. ಸಿಗದಿದ್ದರೆ ಒಳ್ಳೆಯದು ಅನ್ನುವಂತಿತ್ತು ಅವಳ ದನಿ.

ಶನಿವಾರ ಮಧ್ಯಾಹ್ನ ಜೋರು ಮಳೆ ಬಂದು ಹೊಗೆ ತೊಳೆಯಿತು. ಸಂಜೆ ಅದೇ ಹೊಲ. ಕತ್ತಲಾಗುತ್ತಾ ಮೊದಲು ಕೆಂಪು ಚುಕ್ಕಿ, ಆಮೇಲೆ ಒಂದೊಂದೇ ಬಾಲದ ಮಣಿ, ಕಡೆಗೆ ಬೆಳೆಯ ಆಚೆ, ಮರಗಳ ಸಾಲಿಗಿಂತ ಒಂದು ಗೇಣು ಮೇಲೆ, ಜೋಡಿ ಚುಕ್ಕಿ. ಮಂಕಾಗಿತ್ತು, ಚಿಮಣಿ ದೀಪದ ಬಣ್ಣ. ಮಬ್ಬು ಬರಿಗಣ್ಣಿಗೆ ಕಾಣಲಿಲ್ಲ. "ಕೊಂಡಿ ಎಡಕ್ಕ ನೋಡು," ಅಂದೆ. ಮೊಮ್ಮಗಳು ಅವಳಪ್ಪನ ದುರ್ಬೀನು ಹಿಡಿದು ಹುಡುಕಿದಳು.

"ಕಂಡಿತೇನು ವಿಷ?"

"ಅಜ್ಜಿ, ಇದು ಹನಿ ಅಲ್ಲ. ಇಟ್ಸ್ ಫುಲ್ ಆಫ್ ಸ್ಟಾರ್ಸ್. ನೀನ ನೋಡು."

ಬೇಲಿ ಕಂಬಕ್ಕೆ ಮೊಣಕೈ ಊರಿ ನೋಡಿದೆ. ಕರಿ ಕಂಬಳಿಯ ಮೇಲೆ ಒಂದು ಹಿಡಿ ನುಚ್ಚು ಚೆಲ್ಲಿದ ಹಾಗೆ ಇತ್ತು. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ನನಗೆ ಬಂದದ್ದು ಸಿಟ್ಟು. ಇಷ್ಟು ದೂರ, ತನ್ನ ಪಾಡಿಗೆ ತಾನು ಇದ್ದ ವಸ್ತುವಿಗೆ ಹೆದರಿ ನಮ್ಮಪ್ಪ ಸಂಬಂಧ ಕೇಳುವಾಗಲೆಲ್ಲ "ಮಾವ ಅದಾನೋ, ಹ್ವಾದನೋ" ಎಂದು ವಿಚಾರಿಸಿದ್ದ.

ಭಾನುವಾರ ಅವರು ಸಂಜೆಗೆ ಬಂದರು. ಚಹಾ ಆಯಿತು, ಮಂಡಕ್ಕಿ ಆಯಿತು. ಹುಡುಗನ ತಾಯಿ ಕಪ್ಪು ಕೆಳಗಿಟ್ಟು ಕೇಳಿದರು. "ತಪ್ಪು ತಿಳ್ಕೋಬೇಡಿ. ನಮ್ಮನೆಯವರಿಗೆ ಈಗಷ್ಟೇ ಆಪರೇಶನ್ ಆಗಿದೆ. ನಕ್ಷತ್ರ ಯಾವುದು?"

ಮಗಳು "ಪೂರ್ವಾ" ಎನ್ನುವಷ್ಟರಲ್ಲಿ ಮೊಮ್ಮಗಳು ನಡುವೆ ಬಾಯಿ ಹಾಕಿದಳು. "ಮೂಲಾ, ಆಂಟಿ. ನಿನ್ನೆ ನೋಡ್ಕೊಂಡು ಬಂದೆ."

ಆ ಹೆಂಗಸು ಗಂಡನ ಕಡೆ ನೋಡಿದರು. ಹುಡುಗ ನೆಲ ನೋಡಿದ. ಮಗಳು ಖಾಲಿ ತಟ್ಟೆ ಹಿಡಿದು ನಿಂತೇ ಇದ್ದಳು.

ಹುಡುಗನ ತಂದೆಯೇ ಮಾತಾಡಿದರು. "ಎಲ್ಲಿ ಕಾಣುತ್ತಮ್ಮ ಅದು? ನಮ್ಮ ಅಪಾರ್ಟ್‌ಮೆಂಟಿಂದ ಬ್ರಿಡ್ಜ್ ಲೈಟ್ ಬಿಟ್ರೆ ಏನೂ ಕಾಣಲ್ಲ."

"ತೋರಿಸ್ತೀನಿ ಅಂಕಲ್. ಡ್ರೈವ್ ಮಾಡಿ ಹೋಗಬೇಕು."

"ನಡಿ ಮತ್ತೆ."

ಕತ್ತಲಾಗುವ ಹೊತ್ತಿಗೆ ಎರಡು ಕಾರಿನಲ್ಲಿ ಹೋದೆವು. ಹುಡುಗನ ತಾಯಿ ಕಾರಿನಿಂದ ಇಳಿಯಲಿಲ್ಲ, ಗಾಜೂ ಇಳಿಸಲಿಲ್ಲ. ಹುಡುಗನ ತಂದೆ ಬೇಲಿ ಕಂಬಕ್ಕೆ ಒರಗಿ, ಮೊಮ್ಮಗಳು ತೋರಿಸಿದ ಕಡೆ ದುರ್ಬೀನು ತಿರುಗಿಸಿದರು.

"ಇದಾ ನನ್ನ ತಗೊಂಡು ಹೋಗೋದು? ಇಷ್ಟು ಕೆಳಗಿಂದ ಗುರಿ ಇಟ್ರೆ ಬೇಲಿಗೆ ತಾಗುತ್ತೆ ಬಿಡಮ್ಮ."

"ನನ್ನದೂ ಇದ ನಕ್ಷತ್ರರೀ," ಅಂದೆ. "ಇಷ್ಟು ವರ್ಷಕ್ಕ ಒಂದ ಎತ್ತು ಬಿದ್ದೈತಿ."

ಅವರು ನಕ್ಕರು. ನಗುತ್ತಾ ನಗುತ್ತಾ ಎದೆ ಹಿಡಿದುಕೊಂಡು ಬಗ್ಗಿದರು. ಕಾರಿನ ಬಾಗಿಲು ತೆರೆದು ಹೆಂಡತಿ ಓಡಿ ಬಂದರು.

"ಹೊಲಿಗೆ ಎಳೀತು ಕಣೇ," ಅಂದರು ಅವರು, ಕಣ್ಣೊರೆಸಿಕೊಂಡು. "ಬಂದಿದ್ದೀಯ, ನೋಡು."

ಆಕೆ ದುರ್ಬೀನು ಮುಟ್ಟಲಿಲ್ಲ. ಗಂಡನ ತೋಳು ಹಿಡಿದು ಅವರು ನೋಡುವಷ್ಟು ಹೊತ್ತೂ ನಿಂತರು. ಹೊರಡುವಾಗ ಮೊಮ್ಮಗಳಿಗೆ ಹೇಳಿದ್ದು ಒಂದೇ ಮಾತು. "ಸುಳ್ಳು ಹೇಳಿದ್ದಿದ್ರೆ ಆಮೇಲೆ ಗೊತ್ತಾಗ್ತಿತ್ತು, ಆಗ ಕಷ್ಟ ಆಗ್ತಿತ್ತು."

ಮದುವೆ ಮೇ ತಿಂಗಳಿಗೆ ಗೊತ್ತಾಗಿದೆ. ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ಫೋರ್ಟ್ ಲೀಯಿಂದ ಫೋನ್ ಬಂದರೆ ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಎತ್ತಿಕೊಳ್ಳಲು ಇಬ್ಬರಿಗೂ ಕೈ ಬರುವುದಿಲ್ಲ. ಮೊನ್ನೆ ಚಳಿ ಶುರುವಾದ ಮೇಲೆ ಒಂದು ಸಂಜೆ ಫೋನ್ ಬಂತು, ನಾನೇ ಎತ್ತಿದೆ. ಹುಡುಗನ ತಂದೆಯೇ.

"ಚೇಳು ಈಗ ಕಾಣುತ್ತಾಮ್ಮ?"

"ಮುಳುಗೈತ್ರೀ. ಇನ್ನ ಬ್ಯಾಸಗಿಗೇ."

"ಆಯ್ತು, ಮದುವೆ ಮುಗಿಸ್ಕೊಂಡು ಬೇಸಿಗೆಗೇ ನೋಡೋಕೆ ಬರ್ತೀನಿ," ಅಂದರು. ಫೋನ್ ಇಟ್ಟ ಮೇಲೆ ಕುರ್ಚಿ ಎಳೆದುಕೊಂಡು ಕೂತೆ.