ರಾಕೆಟ್ ಟೀ ಶರ್ಟಿನ ಏಳು ಜನ

ಕೊಟ್ಟಿಗೆಹಾರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸುಪ್ರಿಯಾಳಿಗೆ ತಮ್ಮ ಬಸವಪ್ರಸಾದನೇ ಸಂಸಾರ. ಮೂವತ್ತೈದು ದಾಟಿದ ಆಳು. ಚಿಕ್ಕಂದಿನಲ್ಲಿ ಬಂದ ಮೆದುಳುಜ್ವರ ಅವನ ಮಾತನ್ನು ಕಸಿದುಕೊಂಡಿತ್ತು. ಮನೆ ಎಲ್ಲಿ ಎಂದು ಕೇಳಿದರೆ ನಗುತ್ತಾನೆ, ಅಷ್ಟೇ. ಆದರೆ ಬಟ್ಟೆ ಮಡಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆ ವರ್ಷ ತಿರುಪ್ಪೂರಿನಿಂದ ಬಂದ ಗಂಟಿನಲ್ಲಿ ಎಂಟು ಹಳದಿ ಟೀ ಶರ್ಟುಗಳಿದ್ದವು. ಎದೆಯ ಮೇಲೆ ಹಳೇ ಕಾಲದ ಇಂಗ್ಲಿಷ್ ಕಾಮಿಕ್ಸಿನ ಮುಖಪುಟ: ಬೆಂಕಿ ಉಗುಳುವ ಕೆಂಪು ರಾಕೆಟ್, ತಲೆಗೆ ಗಾಜಿನ ಗೋಳ ತೊಟ್ಟ ಹೆಂಗಸು, ಅವಳತ್ತ ಕೈಚಾಚಿದ ಹಸಿರು ರಾಕ್ಷಸ. ಪ್ರಸಾದ ಒಂದನ್ನು ಅವಚಿಕೊಂಡವನು ಬಿಡಲೇ ಇಲ್ಲ. ಉಳಿದ ಏಳೂ ವಾರದೊಳಗೆ ಖರ್ಚಾದವು.

ಒಂದು ಸೋಮವಾರ ಅವಳು ವ್ಯಾಪಾರದಲ್ಲಿದ್ದಾಗ ಪ್ರಸಾದ ಮೆಟ್ಟಿಲಿಳಿದು ಹೋದ. ಬಸ್ಸು ಹತ್ತಿದ್ದನ್ನು ಕಂಡವರಿದ್ದರು. ಯಾವ ಬಸ್ಸೆಂದು ಯಾರಿಗೂ ನೆನಪಿರಲಿಲ್ಲ. ಅವಳು ಠಾಣೆಗೆ ದೂರು ಕೊಟ್ಟಳು. ತಮ್ಮನ ಫೋಟೋದ ಕೆಳಗೆ ‘ರಾಕೆಟ್ ಚಿತ್ರದ ಹಳದಿ ಟೀ ಶರ್ಟ್’ ಎಂದೂ ತನ್ನ ಫೋನ್ ನಂಬರನ್ನೂ ಬರೆದು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದಳು.

ಕರೆಗಳು ಬರತೊಡಗಿದವು. ದೇವರಮನೆ ಗುಡ್ಡದ ಮೇಲಿದ್ದಾನೆ ಎಂದರು. ಜೀಪಿನ ಯೋಗೇಶನನ್ನು ಕರೆದುಕೊಂಡು ಓಡಿದಳು. ಅಲ್ಲಿದ್ದವನು ಪ್ರವಾಸಿಗರ ಫೋಟೋ ತೆಗೆಯುವ ಹರ್ಷವರ್ಧನ. ತೊಟ್ಟಿದ್ದು ಅವಳ ಅಂಗಡಿಯದೇ ಶರ್ಟು. ಬಾಳೂರಿನಲ್ಲಿ ಸಿಕ್ಕವರು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹಾಲೇಶ್. ಮೂಡಿಗೆರೆ ಸಂತೆಯಲ್ಲಿ ಹಿಂದಿನಿಂದ ಓಡಿ ಹೋಗಿ ಭುಜ ಹಿಡಿದಳು. ತಿರುಗಿದ್ದು ಕೂಲಿ ಕೆಲಸದ ಸುಬ್ಬಣ್ಣ.

ಆಗಲೇ ಐದು ದಿನ ಕಳೆದಿತ್ತು. ಜೀಪಿನಲ್ಲಿ ಕುಳಿತು ಹೇಳಿದಳು: “ಯೋಗೇಶಣ್ಣ, ಯಾರೂ ಮುಖ ನೋಡ್ತಿಲ್ಲ. ಅಂಗಿ ನೋಡಿ ಫೋನ್ ಮಾಡ್ತಾರೆ. ಅದನ್ನ ಊರೂರಿಗೆ ಹಂಚಿದವಳು ನಾನೇ. ಏಳೂ ವಾಪಸ್ ಈಸ್ಕೊಬೇಕು.”

ಕೊಂಡವರೆಲ್ಲ ಗುರುತಿನವರೇ. ಸುಬ್ಬಣ್ಣ ರಸ್ತೆ ಬದಿಯಲ್ಲೇ ಕಳಚಿಕೊಟ್ಟ. ಅವನಿಗೆ ಬೇರೆ ಅಂಗಿ ತೊಡಿಸಿದಳು. ಹಾಲೇಶ್ ಮಾತ್ರ, ತಾನಿನ್ನು ಅದನ್ನು ಹಾಕುವುದಿಲ್ಲ, ಅಷ್ಟು ಸಾಲದೇ ಎಂದರು. ಅವಳು ಗೇಟು ಬಿಟ್ಟು ಕದಲಲಿಲ್ಲ.

“ನಿಮ್ಮನೇಲಿ ಬೇರೆ ಯಾರಾದ್ರೂ ಹಾಕ್ಕೊಂಡ್ರೆ ನಾನು ಮತ್ತೆ ಓಡಿ ಬರ್ಬೇಕು ಸರ್. ನಂಗಿನ್ನು ಓಡಕ್ಕಾಗಲ್ಲ.”

ಹಾಲೇಶ್ ಒಳಗೆ ಹೋಗಿ ಶರ್ಟು ತಂದುಕೊಟ್ಟರು.

ಏಳೂ ಸೇರಿದ ಮೇಲೆ ಫೋನು ಸತ್ತಂತೆ ಬಿದ್ದಿತ್ತು. ಒಂದು ದಿನ, ಎರಡು ದಿನ. ಸುಳ್ಳು ಸುದ್ದಿಯ ಆಸರೆಯನ್ನೂ ಕೈಯಾರೆ ಕಳೆದುಕೊಂಡೆನಲ್ಲ ಎಂದು ಅವಳು ಗೋಡೆಗೆ ತಲೆ ಆನಿಸಿ ಅತ್ತಳು.

ಒಂಬತ್ತನೇ ದಿನ ಸಂಸೆಯಿಂದ ತುಂಗಮ್ಮ ಎಂಬವರು ಕರೆ ಮಾಡಿದರು. ತಮ್ಮ ಗದ್ದೆಯ ಗುಡಿಸಲಲ್ಲಿ ಯಾರೋ ಮಲಗಿದ್ದಾರೆ, ಮೈ ಸುಡುತ್ತಿದೆ, ಮಾತು ಬರುವುದಿಲ್ಲ ಎಂದರು.

“ಅಂಗಿ ಎಂಥದಮ್ಮ?”

“ಕೆಸರಾಗಿದೆ ಮಗ. ರಾಕೆಟಿನ ಹಂಗೆ ಏನೋ ಕಾಣ್ತದೆ.”

ಆ ಚಿತ್ರದ ಅಂಗಿ ಈಗ ಹೊರಗೆ ಉಳಿದಿದ್ದು ಒಂದೇ. ಯೋಗೇಶ ಕಳಸ ದಾಟಿಸಿ ಸಂಸೆಗೆ ಜೀಪು ಓಡಿಸಿದ. ಗುಡಿಸಲಲ್ಲಿ ಪ್ರಸಾದ ಅಕ್ಕನನ್ನು ಕಂಡು ಹೆದರಿ ಮುಖ ಮುಚ್ಚಿಕೊಂಡ. ಅವಳು ಗದರಲಿಲ್ಲ, ಕೆಸರಲ್ಲೇ ಕುಳಿತು ಅವನ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಗಾಯ ಕೊಳೆತು ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು.

ಆಸ್ಪತ್ರೆಯಲ್ಲಿ ಅವೆರಡನ್ನೂ ತೆಗೆಯಬೇಕಾಯಿತು. ಪ್ರಸಾದ ಜಗಲಿಯ ಈ ಕೊನೆಯಿಂದ ಆ ಕೊನೆಗೆ ತಾನಾಗಿ ನಡೆಯುವವರೆಗೆ ಸುಪ್ರಿಯಾ ಅಂಗಡಿಯ ಬಾಗಿಲು ತೆರೆಯಲಿಲ್ಲ.