ಮುದ್ದೆಗೆ ಎಸರಿಟ್ಟರು, ಅನುಮತಿ ಸಿಕ್ಕಿತು

ನಮ್ಮ ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಫೋನ್ ಬಡಕೊಂಡರೆ ಹತ್ತು ಹೆಂಗಸರು ಬ್ಯಾಗಿಗೆ ಕೈ ಹಾಕುತ್ತಾರೆ. ಎಲ್ಲರದೂ ಒಂದೇ ರಿಂಗ್‌ಟೋನ್! ಯಾರಾದರೂ ಒಬ್ಬರು ‘ಹಲೋ’ ಅನ್ನುವವರೆಗೆ ಉಳಿದವರಿಗೆ ಸಮಾಧಾನವಿಲ್ಲ. ಯಾರದೋ ಫೋನಿಗೆ ನನ್ನ ಬ್ಯಾಗಿನ ಜಿಪ್ಪು ಎಳೆದೂ ಎಳೆದೂ ಅದು ಕಿತ್ತೇ ಹೋಯಿತು.

ಈಗ ಆ ತಾಪತ್ರಯವಿಲ್ಲ. ನನ್ನ ಫೋನಿನ ಸದ್ದು ಇಡೀ ಜಿಲ್ಲೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಕೀಂ ಕೀಂ ಎಂದು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತದೆ. ನಡುವೆ ಒಂದು ಕಡೆ ಸುಮ್ಮನೆ ನಿಂತುಬಿಡುತ್ತದೆ. ಕೆಟ್ಟುಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗಿ, ಕುಣಿಯುತ್ತಾ ಕೆಳಗೆ ಇಳಿದು ಬರುತ್ತದೆ.

ಈ ಸದ್ದು ನನ್ನ ಬ್ಯಾಗಿನೊಳಗೆ ಹೇಗೆ ಬಂತು, ಬರಬಾರದ ಹೊತ್ತಿನಲ್ಲಿ ಹೊರಗೆ ಹೇಗೆ ಬಂತು ಅನ್ನುವುದೇ ಈ ವಾರದ ಮಾತು. ಸ್ವಲ್ಪ ಜಾಸ್ತಿಯೇ ಖುಷಿಯಲ್ಲಿದ್ದೇನೆ. ಸಹಿಸಿಕೊಳ್ಳಿ.

ನನ್ನ ಮೊಮ್ಮಗಳು ಸಿಂಚನ ನಿಮಗೆ ಗೊತ್ತೇ ಇದ್ದಾಳೆ. (ನನ್ನ ಹೊಲಿಗೆ ಮೆಷಿನ್ ಬಿಚ್ಚಿ, ಒಂದು ಸ್ಕ್ರೂ ಮಿಗಿಸಿಕೊಂಡು ಜೋಡಿಸಿದವಳು. ಆ ಸ್ಕ್ರೂ ಇಲ್ಲದೆಯೂ ಮೆಷಿನ್ ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ.) ಮಗಳು, ಅಳಿಯ ಚನ್ನರಾಯಪಟ್ಟಣದಲ್ಲಿದ್ದಾರೆ. ಇವಳು ನನ್ನ ಮನೆಯಲ್ಲಿದ್ದುಕೊಂಡು ಹಾಸನದ ಕಾಲೇಜಿಗೆ ಹೋಗುತ್ತಾಳೆ. ವಾಪಸ್ ಬರುವಾಗ ಗುಜರಿ ಅಂಗಡಿಯೊಂದನ್ನು ಹೊಕ್ಕು ಬರುತ್ತಾಳೆ. ಅಲ್ಲಿಂದ ತರುವುದು ಏನು? ಸತ್ತ ಕಂಪ್ಯೂಟರು! ನನ್ನ ರಾಗಿ ಡ್ರಮ್ಮಿನ ಪಕ್ಕ ಈಗ ಮೂರು ಕೂತಿವೆ. ಆಯುಧಪೂಜೆಗೆ ಮೂರಕ್ಕೂ ಕುಂಕುಮ ಇಟ್ಟೆ. ಫ್ಲಾಪಿಗೂ ಇಡಲು ಹೋದಾಗ ಅವಳು ಚೀರಿದ್ದು ಬೀದಿಗೆಲ್ಲ ಕೇಳಿಸಿತು.

ಈ ಹಳೆಯ ಕಂಪ್ಯೂಟರುಗಳ ಬಗ್ಗೆಯೇ ಒಂದು ಪಾಡ್‌ಕಾಸ್ಟ್ ಶುರು ಮಾಡುತ್ತೇನೆ ಎಂದಳು. ಪಾಡ್‌ಕಾಸ್ಟ್ ಅಂದರೆ ರೇಡಿಯೋ ಇದ್ದ ಹಾಗೇ. ಆದರೆ ನಮಗೆ ಬೇಕಾದಾಗ ಕೇಳಬಹುದು, ಮಧ್ಯದಲ್ಲಿ ನಿಲ್ಲಿಸಿ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು.

“ಹಳೇ ಕಂಪ್ಯೂಟರ್ ಕಥೆ ಯಾರು ಕೇಳ್ತಾರೆ ಕಣೇ?” ಅಂದೆ.

“ನಿನ್ನ ಹಿತ್ತಾಳೆ ಬೋಸಿ ಕಥೆ ನಾನು ಕೇಳಲ್ವಾ ಅಜ್ಜಿ?” ಅಂದಳು.

ಸರಿ, ನನ್ನ ಮಲಗುವ ಕೋಣೆ ಸ್ಟುಡಿಯೋ ಆಯಿತು. ಗೋಡೆಗೆಲ್ಲ ರಗ್ಗು ಕಟ್ಟಿದೆವು. ಫ್ಯಾನ್ ಹಾಕುವ ಹಾಗಿಲ್ಲ, ಮೆಷಿನ್ ತುಳಿಯುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. (ಮೊದಲ ಸಂಚಿಕೆಯಲ್ಲಿ ಒಂದು ಕಡೆ ಕುಕ್ಕರ್ ಕೂಗುತ್ತದೆ. ಅದು ಪಕ್ಕದ ಮನೆಯದು, ನಮ್ಮದಲ್ಲ.)

ಎಲ್ಲಾ ಸಿದ್ಧವಾಯಿತು. ಆರಂಭಕ್ಕೆ ಒಂದು ಸಂಗೀತ ಮಾತ್ರ ಬೇಕಿತ್ತು. ಅವಳ ಗೆಳತಿಯರು, “ಯಾವುದಾದ್ರೂ ಫಿಲಂ ಹಾಡು ಹಾಕೇ, ಎಲ್ಲಾರೂ ಹಾಕ್ತಾರೆ” ಅಂದರು.

“ಎಲ್ಲಾರೂ ಹಾಕ್ತಾರೆ ಅಂದ್ರೆ ಅದು ನಮ್ಮದಾಗೋಗುತ್ತಾ?” ಅಂದಳು ನನ್ನ ಮೊಮ್ಮಗಳು.

ಅದೇ ವಾರ ಗುಜರಿಯಿಂದ ತಂದ ಒಂದು ಕಂಪ್ಯೂಟರಿಗೆ ಜೀವ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಜೊತೆಗೆ ಸಿಕ್ಕ ಫ್ಲಾಪಿ ಹಾಕಿದಾಗ, ಆಗಲೇ ಹೇಳಿದೆನಲ್ಲ, ಆ ಕೀಂ ಕೀಂ ಹಾಡು ಬಂತು. ನಾನು ಸೌಟು ಹಿಡಿದೇ ಓಡಿಬಂದೆ. ಹಾಡು ಮುಗಿದ ಮೇಲೆ ಪರದೆಯ ಮೇಲೆ ಒಂದು ಹೆಸರು ಬಂತು: ಪುಟ್ಟಸ್ವಾಮಿ, ಅರಕಲಗೂಡು.

“ಇದೇ ನನ್ನ ಮ್ಯೂಸಿಕ್” ಎಂದು ಸಿಂಚನ ಕುಣಿದಾಡಿದಳು. ಮರುಕ್ಷಣ ಪರದೆಯ ಮೇಲಿನ ಹೆಸರಿಗೆ ಬೆರಳಿಟ್ಟಳು. “ಆದ್ರೆ ಅವರನ್ನ ಕೇಳ್ಬೇಕು. ಬೇಡ ಅಂದ್ರೆ ಅಳಿಸ್ಬಿಡ್ತೀನಿ. ಅಲ್ಲೀವರೆಗೂ ಹೊರಗಡೆ ಯಾರಿಗೂ ಕೇಳಿಸ್ಬಾರ್ದು. ಆಯ್ತಾ ಅಜ್ಜಿ?”

ಆಯ್ತು ಅಂದೆ. ನನಗೆ ಮಾತ್ರ ಕೇಳಿಸಿಕೊಳ್ಳಲು ಫೋನಿಗೆ ಹಾಕಿಕೊಡು ಅಂತ ಕಾಡಿದೆ. ಹಾಕಿಕೊಟ್ಟಳು. ಮೊಬೈಲ್ ಅಂಗಡಿಗೆ ಹೋಗಿ ಅದನ್ನೇ ರಿಂಗ್‌ಟೋನ್ ಮಾಡಿಸಿಕೊಂಡು ಬಂದೆ! ಮನೆಯಲ್ಲಿ ಸದ್ದು ಮುಚ್ಚಿಡುವುದು, ಬಸ್ಸು ಹತ್ತಿದ ಮೇಲೆ ಬಿಚ್ಚುವುದು. ನನ್ನ ಫೋನು, ನನ್ನ ಬ್ಯಾಗು, ಅದು ‘ಹೊರಗಡೆ’ ಹೇಗಾಗುತ್ತದೆ ಅಂತ ನನಗೆ ನಾನೇ ನ್ಯಾಯ ಹೇಳಿಕೊಂಡೆ.

ಈಗ ಒಂದು ಮಾತು ಕೇಳುತ್ತೇನೆ. ಪಕ್ಕದ ಮನೆ ಹಿತ್ತಿಲಿನಲ್ಲಿ ಒಂದು ಕಡ್ಡಿ ಕರಿಬೇವು ಕೀಳಬೇಕಾದರೂ ನಾವು “ಅಕ್ಕಾ, ಕಿತ್ಕಳ್ಲಾ?” ಅಂತ ಕೂಗುತ್ತೇವೋ ಇಲ್ಲವೋ? ಅದೇ ಇನ್ನೊಬ್ಬರ ಹಾಡು, ಇನ್ನೊಬ್ಬರ ಫೋಟೋ ಅಂದರೆ ಕೇಳುವವರು ಯಾರು? ಸ್ಟೇಟಸ್ಸಿಗೆ ಏರಿಸಿಬಿಡುತ್ತೇವೆ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟವಳು, ಈ ಕಾನೂನು ಗೀನೂನು ತಿಳಿಯದು. ಆದರೆ ಕರಿಬೇವಿನ ಕಾನೂನು ತಿಳಿಯುತ್ತದೆ. ನನ್ನ ಮೊಮ್ಮಗಳಿಗೂ ಅದು ಗೊತ್ತು ಅನ್ನುವುದಕ್ಕೆ ನನ್ನ ಎದೆ ಉಬ್ಬಿತು. (ಕಳ್ಳತನದಲ್ಲಿ ಕರಿಬೇವು ಕಿತ್ತವಳು ನಾನೊಬ್ಬಳೇ.)

ಪುಟ್ಟಸ್ವಾಮಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಬೀಗರು ಅರಕಲಗೂಡು ಕಡೆಯವರು, ವಿಚಾರಿಸಿ ನಂಬರ್ ಕೊಟ್ಟರು. ಪುಟ್ಟಸ್ವಾಮಿ ಒಂದು ಕಾಲದಲ್ಲಿ ಅಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರಂತೆ, ಈಗ ಗೊಬ್ಬರದಂಗಡಿ ಇಟ್ಟಿದ್ದಾರಂತೆ. ಸಿಂಚನ ಫೋನ್ ಮಾಡಿದಳು. “ಅದೆಲ್ಲ ಬ್ಯಾಡ ಬುಡವ್ವ” ಎಂದು ಇಟ್ಟುಬಿಟ್ಟರು. ಉದ್ದನೆಯ ಮೆಸೇಜು ಕಳಿಸಿದಳು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಹುಡುಗಿ ಎರಡು ದಿನ ಸಪ್ಪಗೆ ಓಡಾಡಿದಳು. ಹಾಡು ಅಳಿಸುತ್ತೇನೆ ಅಂದಳು.

“ಲೇ, ಹೆಣ್ಣು ಕೇಳೋಕೆ ಯಾರಾದ್ರೂ ಮೆಸೇಜ್ ಮಾಡ್ತಾರಾ? ಮನೆ ಬಾಗ್ಲಿಗೆ ಹೋಗ್ಬೇಕು. ಭಾನುವಾರ ಹೊರಡು” ಅಂದೆ.

ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಒಂದು ಮಾರು ಮಲ್ಲಿಗೆ. ಅರಕಲಗೂಡಿನ ಬಸ್ಸು ಹತ್ತಿದೆವು. ಹತ್ತಿದ ಕೂಡಲೇ ಅಭ್ಯಾಸಬಲದಿಂದ ಫೋನಿನ ಸದ್ದು ಬಿಚ್ಚಿದೆ. ಇಳಿಯುವಾಗ ಮುಚ್ಚುವುದು ಮರೆತೆ.

ಪುಟ್ಟಸ್ವಾಮಿ ಅರವತ್ತರ ಹತ್ತಿರದ ಮನುಷ್ಯ. ಕೂರಿಸಿದರು, ನೀರು ಕೊಟ್ಟರು. ಅವರ ಹೆಂಡತಿ ಜಯಮ್ಮ ಕಾಫಿ, ಬಿಸ್ಕತ್ತು ತಂದಿಟ್ಟರು. ಕೆಲಸ ಕೆಟ್ಟಿತು ಅಂದುಕೊಂಡೆ. ಯಾಕೆ ಗೊತ್ತೇ? ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು, ಕಾಫಿಯಲ್ಲಿ ಮುಗಿಸಿದರೆ ಇನ್ನೂ ಏನೂ ಕುದುರಿಲ್ಲ ಅಂತ ಅರ್ಥ. ಮಾತು ಕುದುರಿದರೆ ಮಾತ್ರ ತಟ್ಟೆ ಹಾಕಿ ಊಟಕ್ಕೆ ಏಳಿ ಅನ್ನುತ್ತಾರೆ. ಇಲ್ಲಿ ಉಪ್ಪಿಟ್ಟೂ ಇಲ್ಲ.

“ಸರ್, ನಿಮ್ಮ ಹೆಸರು ಹೇಳೇ ಹಾಕ್ತೀನಿ ಸರ್” ಅಂದಳು ಸಿಂಚನ.

“ಎಸ್ರು ಏಳುದ್ರೇನೆ ತೊಂದ್ರೆ ಕಣ್ ಮಗ” ಅಂದರು. ಆಮೇಲೆ ನಿಧಾನವಾಗಿ ವಿಷಯ ಬಂತು. ಸೆಂಟರಿನ ವಾರ್ಷಿಕೋತ್ಸವದಲ್ಲಿ ಅವರು ಈ ಹಾಡನ್ನು ಮೈಕಿನ ಮುಂದೆ ನುಡಿಸಿದರಂತೆ. ಯಾರೂ ಹೇಳಿಕೊಡದೆ, ಒಂದೊಂದೇ ಸ್ವರವನ್ನು ನಂಬರಿನಲ್ಲಿ ಬರೆದು ಕಂಪ್ಯೂಟರಿನಿಂದ ಹಾಡಿಸಿದ್ದು. ಹಾಡು ಮಧ್ಯದಲ್ಲಿ ನಿಂತಾಗ ಯಾರೋ “ಸಾ, ನಿಮ್ ಕಂಪ್ಯೂಟ್ರು ಮರ್ತೋಯ್ತು!” ಎಂದು ಕೂಗಿದರಂತೆ. ಸಭೆಯೆಲ್ಲ ಗೊಳ್ಳೆಂದಿತಂತೆ. ಅಂದಿನಿಂದ ಊರಿಗೆಲ್ಲ ಅವರು ಪೀಂಪೀಂ ಪುಟ್ಟಸ್ವಾಮಿ.

“ಆಗ ಅರಕಲಗೂಡು ಒಂದೇ ನಕ್ಕಿದ್ದು ಕಣವ್ವ. ನೀನು ಅದ್ರೊಳಕ್ಕೆ ಆಕುದ್ರೆ ಪ್ರಪಂಚನೇ ನಗ್ತದೆ. ಈ ವಯಸ್ಸಲ್ಲಿ ನಂಗ್ಯಾಕೆ? ಕಾಫಿ ಕುಡೀರಿ, ಬಸ್ಸಿಗೆ ಒತ್ತಾಯ್ತದೆ.”

ಸಿಂಚನ ಲೋಟ ಕೆಳಗಿಟ್ಟಳು. “ಆಯ್ತು ಸರ್. ಅಳಿಸ್ಬಿಡ್ತೀನಿ. ನಿಮ್ಮನ್ನ ನೋಡಿದ್ದೇ ಖುಷಿ” ಅಂದಳು. ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಎದ್ದೆವು.

ಆಗ ನನ್ನ ಬ್ಯಾಗು ಹಾಡಲು ಶುರು ಮಾಡಿತು.

ಕೀಂ ಕೀಂ ಕೀಂ...

ಅಯ್ಯೋ ದೇವರೇ! ಸಿಂಚನ ನನ್ನ ಕಡೆ ನೋಡಿದ ನೋಟವಿದೆಯಲ್ಲ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜಿಪ್ಪು ಕಿತ್ತುಹೋದ ಬ್ಯಾಗಿಗೆ ನಾನೇ ಪಿನ್ನು ಹಾಕಿದ್ದೆ. ಒಂದು ಪಿನ್ನು ಬಂತು, ಎರಡನೆಯದು ಬರಲೊಲ್ಲದು. ಹಾಡು ಮೆಟ್ಟಿಲು ಹತ್ತುತ್ತಲೇ ಇದೆ. ಪುಟ್ಟಸ್ವಾಮಿ ಅಲ್ಲಾಡದೆ ನಿಂತುಬಿಟ್ಟರು. ಜಯಮ್ಮ ಒಳಗಿನಿಂದ ಬಾಗಿಲಿಗೆ ಬಂದರು.

ಹಾಡು ಆ ಜಾಗಕ್ಕೆ ಬಂತು. ನಿಂತಿತು.

ಯಾರೂ ನಗಲಿಲ್ಲ. ಮತ್ತೆ ಶುರುವಾಯಿತು, ಕುಣಿಯುತ್ತಾ ಇಳಿಯಿತು, ಮುಗಿಯಿತು. (ಫೋನ್ ಮಾಡಿದವಳು ನನ್ನ ಮಗಳು. ಅನುಮತಿ ಸಿಕ್ಕಿತಾ ಅಂತ ಕೇಳಲು!)

“ಇದ್ಯಾರವ್ವ ನಿಮ್ ಫೋನ್‌ಗೆ ಆಕ್ದೋರು?” ಅಂದರು ಪುಟ್ಟಸ್ವಾಮಿ.

“ನಾನೇ ಕಣಪ್ಪ. ಇವಳದೇನೂ ತಪ್ಪಿಲ್ಲ, ಯಾರಿಗೂ ಕೇಳಿಸ್ಬೇಡ ಅಂದಿದ್ಲು. ಬಸ್ಸಲ್ಲಿ ನನ್ ಫೋನು ನಂಗೆ ಗೊತ್ತಾಗ್ಲಿ ಅಂತ ಹಾಕ್ಕಂಡೆ. ಆಮೇಲೆ... ಅದು ಒಂದು ಕಡೆ ನಿಲ್ತದಲ್ಲ, ಆ ಜಾಗ ನಂಗೆ ಬೋ ಇಷ್ಟ. ಅದಕ್ಕೇಂತ್ಲೇ ಎಷ್ಟೋ ಸಲ ಫೋನ್ ಎತ್ತದೆ ಕೂತಿದೀನಿ.”

ಪುಟ್ಟಸ್ವಾಮಿ ಕುರ್ಚಿಯಲ್ಲಿ ಕೂತರು. “ಅಲ್ಲಿ ಉಸ್ರು ತಗಬೇಕು ಕಣವ್ವ” ಅಂದರು. “ಕಂಪ್ಯೂಟ್ರಿಗ್ಯಾಕೆ ಸಾ ಉಸ್ರು ಅಂತಿದ್ರು. ಕಂಪ್ಯೂಟ್ರಿಗಲ್ಲ, ಕೇಳೋರಿಗೆ ಉಸ್ರು ಬ್ಯಾಡ್ವಾ? ಅದ್ನೇ ನಾನು ಅವತ್ತು ಏಳಕ್ಕಾಗ್ನಿಲ್ಲ. ನಗಾಟದಲ್ಲಿ ಯಾರಿಗ್ ಕೇಳಿಸ್ತದೆ?”

ಜಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಮೂವತ್ತು ವರ್ಷದಿಂದ ನಂಗೂ ಏಳಿಲ್ಲ ನೋಡಿ ಈ ಮನುಷ್ಯ” ಅಂದರು.

“ನೀನು ಕೇಳಿದ್ಯಾ?”

“ಕೇಳಂಗೆ ಎಲ್ಲಿ ಬುಟ್ರಿ? ಗುಜ್ರಿಗೆ ಆಕ್ಬುಟ್ರಲ್ಲ!”

ಅವರು ನಕ್ಕರು. ಮೊದಲ ಸಲ. ಆಮೇಲೆ ಹೆಂಡತಿಗೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: “ಲೇ ಜಯಾ, ಮುದ್ದೆಗೆ ಎಸ್ರಿಡು.”

ನಾನು ಸಿಂಚನಳ ತೋಳು ಚಿವುಟಿದೆ. “ಸಿಕ್ತು ಕಣೇ!”

“ಏನ್ ಸಿಕ್ತು? ಅವರಿನ್ನೂ ಏನೂ ಹೇಳೇ ಇಲ್ವಲ್ಲ ಅಜ್ಜಿ” ಎಂದು ಪಿಸುಗುಟ್ಟಿದಳು.

“ಎಸರಿಟ್ಟ ಮೇಲೆ ಇನ್ನೇನೇ ಹೇಳೋದು?”

ಆದರೂ ಕಾಲೇಜು ಓದಿದ ಹುಡುಗಿ, ಬಿಡಲಿಲ್ಲ. ಮುದ್ದೆ, ಬಸ್ಸಾರು ಉಂಡ ಮೇಲೆ ಫೋನ್ ಹಿಡಿದು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ಅವರ ಷರತ್ತು ಒಂದೇ: ಹಾಡನ್ನು ನಡುವೆ ನಿಲ್ಲುವ ಜಾಗದಲ್ಲಿ ಕತ್ತರಿಸಬಾರದು. “ಜನ ನಕ್ರೆ ಸರ್?” ಅಂತ ಇವಳೇ ಕೇಳಿದಳು. “ನಗ್ಲಿ ಬುಡು ಮಗ. ಉಸ್ರು ತಗಂಡು ನಗ್ಲಿ” ಅಂದರು.

ಮೊದಲ ಸಂಚಿಕೆ ಹೊರಗೆ ಬಂದಿದೆ. ಎಷ್ಟು ಜನ ಕೇಳಿದರೋ ನನಗೆ ತಿಳಿಯದು, ನಾನಂತೂ ಕುಕ್ಕರ್ ಸಮೇತ ನಾಲ್ಕು ಸಲ ಕೇಳಿದೆ. ಈಗ ಯಾರಿಗೆ ಕೈ ಮುಗಿಯಲಿ? ಬೇಡ ಅಂದಾಗ ಎದುರಾಡದೆ ಎದ್ದು ನಿಂತ ನನ್ನ ಮೊಮ್ಮಗಳಿಗೋ? ನಕ್ಕವರ ಮೇಲಿನ ಸಿಟ್ಟನ್ನು ಒಂದು ಎಸರಿನಲ್ಲಿ ಕರಗಿಸಿದ ಆ ಮನುಷ್ಯನಿಗೋ? ಕಂಪ್ಯೂಟರನ್ನು ಪುಡಿ ಮಾಡದೆ ಇಟ್ಟುಕೊಂಡ ಗುಜರಿಯವನಿಗೋ? ಸರಿಯಾದ ಹೊತ್ತಿಗೆ ಫೋನ್ ಮಾಡಿದ ಮಗಳಿಗೋ? ಎಲ್ಲರಿಗೂ. (ನನ್ನ ಕಾಗುಣಿತ ತಿದ್ದುವ ಪತ್ರಿಕೆಯ ಹುಡುಗಿಗೂ.)

ಇನ್ನೊಂದು ಹೇಳುವುದಿದೆ. ಈಚೆಗೆ ದಿನಾ ಬೆಳಿಗ್ಗೆ ಪುಟ್ಟಸ್ವಾಮಿ ಫೋನ್ ಮಾಡುತ್ತಾರೆ. ಮೊದಲ ದಿನ ಓಡಿಹೋಗಿ ಎತ್ತಿ, “ಏನಪ್ಪಾ ಸಮಾಚಾರ?” ಅಂದೆ. “ಏನಿಲ್ಲ ಕಣವ್ವ, ಸುಮ್ಕೆ ಮಾಡ್ದೆ. ಇಷ್ಟು ಬಿರ್ನೆ ಯಾಕೆ ಎತ್ಬುಟ್ರಿ?” ಅಂದರು. ಆಗ ತಿಳಿಯಿತು. ಹೊಳೆನರಸೀಪುರದ ಒಂದು ಮನೆಯಲ್ಲಿ ತಮ್ಮ ಹಾಡು ಬಡಕೊಳ್ಳಲಿ ಅಂತಲೇ ಅವರು ಮಾಡುವುದು.

ಇಗೋ, ಇದನ್ನು ಬರೆಯುವಾಗಲೇ ಶುರುವಾಯಿತು. ನೀವೇ ಹೇಳಿ, ಉಸಿರು ತಗೊಳ್ಳುವ ಮೊದಲೇ ಎತ್ತಿಬಿಡುವುದು ಮರ್ಯಾದೆಯೇ?